ಕರೆಂಟು ಎಲ್ಲಿಯವರೆಗೆ ಬಂತು

ಇಲ್ಲಿ ಉರಿಯಿತು, ಅಂದರೆ ಫ್ಯೂಸ್ ಡಬ್ಬಿಯವರೆಗೆ ಬಂದಿದೆ, ಇನ್ನು ಇದರಾಚೆಯದನ್ನು ನೋಡಬೇಕು — ತಲೆ ಕೆಳಗಾಗಿ ಮಲಗಿದರೆ ಬೆವರೂ ದಾರಿ ತಪ್ಪುತ್ತದೆ, ಕಣ್ಣಿನಿಂದ ಹಣೆಗೆ, ಹಣೆಯಿಂದ ಕೂದಲಿನೊಳಕ್ಕೆ ಹರಿಯುತ್ತಿದೆ, ಒರೆಸಿಕೊಳ್ಳಲು ಕೈ ಬಿಡುವಿಲ್ಲ, ಒಂದರಲ್ಲಿ ಟಾರ್ಚು, ಇನ್ನೊಂದರಲ್ಲಿ ಭೋಜ ಮಾವನ ಟೆಸ್ಟ್ ಲ್ಯಾಂಪು, ಬೆನ್ನು ಕಾರಿನ ನೆಲಕ್ಕೆ, ತಲೆ ಬ್ರೇಕು ಕ್ಲಚ್ಚುಗಳ ಕೆಳಗೆ, ಕಾಲೆರಡೂ ಸೀಟಿನ ಮೇಲೆ ಹಾದು ಅದರ ಬೆನ್ನಿಗೆ ಒರಗಿ ನಿಂತಿವೆ, ಐವತ್ತು ದಾಟಿದ ಹೆಂಗಸು ಮಲಗುವ ರೀತಿಯಾ ಇದು, ಮೇಲೆ ಮನೆಯಲ್ಲಿ ಕುಕ್ಕರು ಕೂಗಿ ಸುಮ್ಮನಾಗಿದೆ, ಇವರು ಒಲೆ ಆರಿಸಿರಬೇಕು, ಆರಿಸಿರುತ್ತಾರೆ, ಗುರುಚರಣ ಯಾವುದನ್ನೂ ಉರಿಯಲು ಬಿಟ್ಟು ಬರುವವರಲ್ಲ. ತೆರೆದ ಬಾಗಿಲಿನಿಂದ ಪಾರ್ಕಿಂಗಿನ ಕಂಬಗಳು ತಲೆಕೆಳಗಾಗಿ ಕಾಣುತ್ತವೆ, ತಲೆಕೆಳಗಾದ ಸ್ಕೂಟರು, ಅದರ ಪಕ್ಕದಲ್ಲಿ ಈಗಷ್ಟೇ ಬಂದು ನಿಂತ ಎರಡು ತಲೆಕೆಳಗಾದ ಚಪ್ಪಲಿ, ಮೂರನೇ ಮಹಡಿಯ ಕಿಟ್ಟು ಮಾಮ, ಕೈಯಲ್ಲಿ ಕೀರೆ ಸೊಪ್ಪಿನ ಕಟ್ಟು. ಏನಮ್ಮಾ ಶ್ರೀವಿದ್ಯಾ, ಇದು ಯೋಗಾಸನವಾ ಮೆಕ್ಯಾನಿಕ್ ಕೆಲಸವಾ. ಎರಡೂ ಮಾಮಾ. ಪ್ರಮಾದಂ, ಭೇಷ್ ಭೇಷ್, ಸ್ಟಾರ್ಟ್ ಆದ್ರೆ ನನ್ನ ಒಂದು ರೌಂಡು ಬೀಚಿಗೆ ಕರ್ಕೊಂಡ್ ಹೋಗು, ಮಾಮಿಗೆ ಮಾತ್ರ ಹೇಳ್ಬೇಡ, ಇರೋದೇ ಎರಡು ಸೀಟು. ಚಪ್ಪಲಿ ನಗುತ್ತಾ ಲಿಫ್ಟಿನ ಕಡೆ ಹೋಯಿತು. ಬೀಚಿಗೆ ಹೋಗಲು ಇವತ್ತೊಂದು ದಿನವಿದೆ ಮಾಮಾ, ನಾಳೆ ಬೆಳಗ್ಗೆ ಗುಜರಿಯವನು ಬರುತ್ತಾನೆ.

ಕಟ್ಟಡವನ್ನೇ ಒಡೆದು ಹೊಸದು ಕಟ್ಟುತ್ತಾರೆ, ಮಾಂಬಲದ ಈ ಬೀದಿಯಲ್ಲಿ ಒಂದೊಂದಾಗಿ ಎಲ್ಲ ಫ್ಲ್ಯಾಟುಗಳೂ ಬೀಳುತ್ತಿವೆ, ನಮ್ಮದರ ಸರದಿ ಬಂದಿದೆ, ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಬೇಕು. ನಿಂತ ಗಾಡೀನ ಬಾಡಿಗೆ ಮನೆಗೆ ಎಲ್ಲಿ ಎಳ್ಕೊಂಡು ಹೋಗೋದು ವಿದ್ಯಾ, ನೀನೇ ಹೇಳು, ಅಂದರು ಇವರು, ಇವರ ಮಾತೆಲ್ಲ ಹೀಗೇ, ನೀನೇ ಹೇಳು ಎಂದು ಮುಗಿಯುತ್ತದೆ, ಹೇಳಲು ಏನೂ ಉಳಿದಿರುವುದಿಲ್ಲ. ಓಡಿದ್ರೆ, ಅಂದೆ ನಾನು. ನಕ್ಕರು, ಓಡಿದ್ರೆ ಇಟ್ಕೋ, ನಾನ್ಯಾಕೆ ಬೇಡ ಅನ್ಲಿ. ಮಾನ್ಯಾಳಿಗೆ ಫೋನ್ ಮಾಡಿದೆ, ಶೋಳಿಂಗನಲ್ಲೂರಿನ ಆಫೀಸು ಕ್ಯಾಬಿನಲ್ಲಿದ್ದಳು, ನಾನು ಕನ್ನಡದಲ್ಲಿ ಕೇಳಿದರೆ ಮಗಳ ಉತ್ತರ ಅರ್ಧ ತಮಿಳಿನಲ್ಲಿ, ವಿಟ್ಟುಡು ಮಾ, ಅದು ಸತ್ತು ಎಷ್ಟು ವರ್ಷ ಆಚು, ಅಪ್ಪಾವೇ ಟ್ರೈ ಪಣ್ಣಿ ಆಗಲ್ಲೆ. ಬಿಟ್ಟುಬಿಡಬೇಕಂತೆ, ಅಪ್ಪನೇ ಪ್ರಯತ್ನಪಟ್ಟು ಆಗಲಿಲ್ಲವಂತೆ. ಹೌದು, ಅವರೇ ಪ್ರಯತ್ನಪಟ್ಟದ್ದು, ಮೆಕ್ಯಾನಿಕ್ಕನ್ನು ಕರೆಸಿದ್ದೂ ಅವರೇ, ಪೂರ್ತಿ ವೈರಿಂಗ್ ಹೋಗಿದೆ ಅಂದನಂತೆ, ನಾನು ಆ ಮೆಕ್ಯಾನಿಕ್ಕನ್ನು ಕಂಡವಳಲ್ಲ.

ಸೂಜಿ ಮತ್ತೆ ಚುಚ್ಚು — ಭೋಜ ಮಾವ, ಅಮ್ಮನ ತಮ್ಮ, ಎಣ್ಣೂರಿನ ಥರ್ಮಲ್ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕಲ್ಲಿನವನು, ಮದುವೆಯಾಗಲಿಲ್ಲ, ನಡುವಯಸ್ಸಿನಲ್ಲಿ ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ಈ ಕೆಂಪು ಸ್ಪೋರ್ಟ್ಸ್ ಕಾರು ಕೊಂಡ, ಯಾರೋ ಊರು ಬಿಡುವಾಗ ಮಾರಿದ್ದು, ಮಾಡಿದ ಕಂಪನಿ ಆಗಲೇ ಮುಚ್ಚಿತ್ತು, ಸಂಬಂಧಿಕರೆಲ್ಲ ನಕ್ಕರು, ಎರಡನೇ ಸೀಟು ಯಾರಿಗೋ ಭೋಜಾ, ನನ್ನ ಸೊಸೆಗೆ, ಅನ್ನುತ್ತಿದ್ದ, ನನ್ನನ್ನು ತೋರಿಸಿ. ಎಣ್ಣೂರಿನ ರಸ್ತೆಯಲ್ಲಿ ಕಲ್ಲಿದ್ದಲ ಲಾರಿಗಳ ಹಿಂದೆ ಹಿಂದೆ ಓಡಿಸಿ ಕಲಿತೆ, ಕಾರು ನಿಂತರೆ ಕೆಳಗಿಳಿಸಿ ಟೆಸ್ಟ್ ಲ್ಯಾಂಪ್ ಕೈಗೆ ಕೊಡುತ್ತಿದ್ದ, ಒಂದು ಪುಟ್ಟ ಬಲ್ಬು, ಎರಡು ತಂತಿ, ಒಂದರ ತುದಿಗೆ ಕ್ಲಿಪ್ಪು, ಒಂದಕ್ಕೆ ಸೂಜಿ, ಕ್ಲಿಪ್ಪನ್ನು ಕಾರಿನ ಬರಿಯ ಕಬ್ಬಿಣಕ್ಕೆ ಕಚ್ಚಿಸಿ ಸೂಜಿಯನ್ನು ತಂತಿಗೆ ಚುಚ್ಚಿದರೆ ಕರೆಂಟು ಇದ್ದಲ್ಲಿ ಉರಿಯುತ್ತದೆ, ಇಲ್ಲದಲ್ಲಿ ಇಲ್ಲ. ನೋಡೇ, ಸ್ಕೂಲಿಂದ ಮನೆಗೆ ಬರದ ಹುಡುಗನ್ನ ಹುಡುಕೋ ಹಾಗೆ ಇದು, ಸ್ಕೂಲು ಬಿಟ್ಟನಾ, ಬಿಟ್ಟ, ಬಸ್ ಹತ್ತಿದನಾ, ಹತ್ತಿದ, ಬೀದಿ ಮೂಲೇಲಿ ಕಂಡನಾ, ಕಾಣ್ಲಿಲ್ಲ, ಅಷ್ಟೇ, ಬಸ್‌ಸ್ಟಾಪಿಗೂ ಮೂಲೆಗೂ ಮಧ್ಯ ಹುಡುಕು, ಊರೆಲ್ಲಾ ಅಲೀಬೇಡ. ತೀರಿಕೊಳ್ಳುವಾಗ ಕಾರನ್ನೂ ಟೆಸ್ಟ್ ಲ್ಯಾಂಪನ್ನೂ ನನಗೇ ಬಿಟ್ಟುಹೋದ. ಹುಡುಕುತ್ತಿದ್ದೇನೆ ಮಾವಾ, ಹೆಡ್‌ಲೈಟು ಉರಿಯುತ್ತದೆ, ಹಾರನ್ನು ಕೂಗುತ್ತದೆ, ಆದ್ದರಿಂದ ಬ್ಯಾಟರಿ ಚೆನ್ನಾಗಿದೆ, ಕೀ ತಿರುಗಿಸಿದರೆ ಮಾತ್ರ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪವೂ ಇಲ್ಲ, ಟಿಕ್ ಎನ್ನುವ ಸದ್ದೂ ಇಲ್ಲ, ಫ್ಯೂಸಿನವರೆಗೆ ಬಂದದ್ದು ಕೀಯವರೆಗೆ ಬರುತ್ತಿಲ್ಲ. ಬ್ಯಾಟರಿ ಚೆನ್ನಾಗಿದೆ — ಸತ್ತ ಕಾರಿಗೆ ಯಾರು ಹೊಸ ಬ್ಯಾಟರಿ ಹಾಕಿಸುತ್ತಾರೆ, ಇವರು ಹಾಕಿಸುತ್ತಿದ್ದರು, ಪಾಪ, ನನ್ನ ಸಮಾಧಾನಕ್ಕೆ, ನಿಮ್ಮ ಮಾವನ ನೆನಪಲ್ವಾ, ಲೈಟಾದ್ರೂ ಉರೀಲಿ, ಅನ್ನುತ್ತಿದ್ದರು, ಎಷ್ಟು ಒಳ್ಳೆಯವರು ಅಂದುಕೊಂಡಿದ್ದೆ, ಅಂದುಕೊಂಡಿದ್ದೇನೆ.

ಕೊನೆಯ ಸಲ ಇದು ಓಡಿದ್ದು ಮಾನ್ಯಾ ಕಾಲೇಜಿಗೆ ಸೇರಿದ ವರ್ಷ. ಬೆಳಗಾಗುವ ಮೊದಲು ಬಾಗಿಲಿಗೆ ರಂಗೋಲಿ ಹಾಕಿದೆ, ಕೈ ತೊಳೆದೆ, ಕೀ ತೆಗೆದುಕೊಂಡೆ, ಯಾಕೆ ಎಂದು ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ, ಕಡಲ ಪಕ್ಕದ ರಸ್ತೆ ಹಿಡಿದು ಉತ್ತರಕ್ಕೆ ಹೋಗುತ್ತಾ ಹೋಗುತ್ತಾ ಕಾಸಿಮೇಡು ಬಂತು. ಈರುಳ್ಳಿಯನ್ನೂ ವಾರ ನೋಡಿ ತರುವ ಮನೆಯವಳು ಮೀನಿನ ಹರಾಜಿನ ನಡುವೆ ನಿಂತಿದ್ದೆ, ಮಂಜುಗಡ್ಡೆ ಕರಗಿ ಪಾದದ ಮೇಲೆ ಹರಿಯುತ್ತಿತ್ತು, ಗಂಡಸರು ಕೂಗುತ್ತಿದ್ದರು, ಬುಟ್ಟಿಯ ಹೆಂಗಸೊಬ್ಬಳು ಎನ್ನಮ್ಮಾ ವೇಣುಂ ಅಂದಳು, ಏನೂ ಬೇಡ, ಸುಮ್ಮನೆ ನೋಡೋಕೆ ಬಂದೆ ಅಂದೆ, ಪಾರು ಪಾರು, ಪಾಕ್ಕ ಕಾಸಾ ಎಂದು ಗಟ್ಟಿಯಾಗಿ ನಕ್ಕಳು, ನೋಡುವುದಕ್ಕೂ ದುಡ್ಡೇನು. ನೋಡಿದೆ. ಬಿಸಿಲೇರುವವರೆಗೆ ನೋಡಿದೆ. ಮನೆಗೆ ಬಂದಾಗ ಮಧ್ಯಾಹ್ನ, ಅತ್ತೆ ಆಗ ಇದ್ದರು, ಮೂಗು ಮುಚ್ಚಿಕೊಂಡು ಅದೇನೇ ವಾಸನೆ, ಮೊದಲು ಸ್ನಾನ ಮಾಡಿ ಬಾ ಅಂದರು, ಇವರು ಊಟಕ್ಕೆ ಕೂತರು, ಬಡಿಸಿದೆ, ಮಜ್ಜಿಗೆಯನ್ನ ಕಲಸುವಾಗ ಒಂದೇ ಮಾತು ಕೇಳಿದರು, ಯಾರ ಜೊತೆ ಹೋಗಿದ್ದೆ. ಯಾರ ಜೊತೆಗೂ ಇಲ್ಲ, ಒಬ್ಬಳೇ. ಕಲಸುವ ಕೈ ನಿಂತಿತು. ಯಾರದಾದರೂ ಹೆಸರು ಹೇಳಿದ್ದರೆ ಬಹುಶಃ ಆ ಕೈ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ, ಇನ್ಶೂರೆನ್ಸ್ ಕೆಲಸದವರು ಇವರು, ಎಂಥ ಅಪಾಯಕ್ಕೂ ಅವರ ಬಳಿ ಒಂದು ಅಂದಾಜಿರುತ್ತದೆ, ಒಬ್ಬಳೇ ಎನ್ನುವುದಕ್ಕೆ ಇರಲಿಲ್ಲ. ಅದರ ಮುಂದಿನ ವಾರ ಕೀ ತಿರುಗಿಸಿದೆ, ಕಾರು ಸತ್ತಿತ್ತು. ಹಳೇ ಗಾಡಿ, ವೈರಿಂಗ್ ಪೋಚು, ಹೋಯ್ತು ಬಿಡು, ಎಂದು ಬೆನ್ನು ಸವರಿದರು, ನಾನು ಅತ್ತುಬಿಟ್ಟೆ. ಆಮೇಲೆ ಪ್ರತಿ ವರ್ಷ ಆಯುಧಪೂಜೆಗೆ ಕಾರಿಗೆ ಗಂಧ ಕುಂಕುಮ ಹಚ್ಚಿ ಹಾರ ಹಾಕುತ್ತೇವೆ, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ, ಕಟ್ಟಡದ ಮಿಕ್ಕ ಗಾಡಿಗಳು ತಾವೇ ಓಡಿ ನಿಂಬೆಹಣ್ಣು ಹಿಂಡುತ್ತವೆ, ನಮ್ಮದನ್ನು ತಳ್ಳಬೇಕು, ನಾನು ಒಳಗೆ ಸ್ಟಿಯರಿಂಗ್ ಹಿಡಿದು ಕೂರುತ್ತೇನೆ, ಇವರು ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳುತ್ತಾರೆ, ಕಿಟ್ಟು ಮಾಮ ಐಲೇಸಾ ಎಂದು ಕೂಗುತ್ತಾನೆ, ಎಲ್ಲರೂ ನಗುತ್ತಾರೆ, ಕನ್ನಡಿಯಲ್ಲಿ ಇವರ ಬೆವರಿದ ಮುಖ, ನಿಂಬೆಹಣ್ಣು ಪಚಕ್ ಎನ್ನುವವರೆಗೆ ತಳ್ಳುತ್ತಾರೆ.

ತಂತಿ ಎಲ್ಲಿ ಹೋಯಿತು — ಕಂದು ಬಣ್ಣದ್ದು, ಫ್ಯೂಸಿನಿಂದ ನೇರ ಮೇಲೆ ಕೀಗೆ ಹೋಗಬೇಕು, ಒಂದು ಗೇಣಿನ ದಾರಿ, ಭೋಜ ಮಾವ ತೋರಿಸಿದ್ದ, ನೆನಪಿದೆ, ಮೇಲೆ ಹೋಗದೆ ಕೆಳಗೆ ತಿರುಗಿದೆ, ಕಾರ್ಪೆಟ್ಟಿನ ಅಡಿಗೆ ನುಗ್ಗಿದೆ, ಅಲ್ಲೇನು ಕೆಲಸ ಅದಕ್ಕೆ, ಕಾರ್ಪೆಟ್ಟು ಎತ್ತು, ಅಂಟು ಬಿಟ್ಟಿದೆ, ಸುಲಭವಾಗಿ ಏಳುತ್ತಿದೆ, ಬಹಳ ಸಲ ಎದ್ದದ್ದರ ಹಾಗೆ, ತಂತಿ ಸೀಟಿನ ಕೆಳಕ್ಕೆ, ಟಾರ್ಚು ಇತ್ತ ಕಡೆ, ಕೈ ತೂರುತ್ತದೆ, ಬಳೆ ಸಿಕ್ಕಿಕೊಂಡಿತು, ಬಿಡಿಸಿಕೊ, ಇನ್ನೂ ಒಳಗೆ, ಕಪ್ಪು ಟೇಪು ಸುತ್ತಿದ ಒಂದು ಸಣ್ಣ ಗಂಟು, ಗಂಟಿನಲ್ಲಿ ಒಂದು ಸಣ್ಣ ಸ್ವಿಚ್ಚು, ಹಳೆಯ ಟೇಬಲ್ ಲ್ಯಾಂಪುಗಳಲ್ಲಿ ಇರುವಂಥದ್ದು. ಈ ಬದಿಗೆ ಸೂಜಿ, ಉರಿಯಿತು. ಆ ಬದಿಗೆ ಸೂಜಿ, ಇಲ್ಲ. ಹುಡುಗ ಇಲ್ಲಿದ್ದಾನೆ ಮಾವಾ, ಯಾರೋ ಕೂರಿಸಿಟ್ಟಿದ್ದಾರೆ. ಯಾರೋ — ಟೇಪಿನ ತುದಿ ಬೆರಳಿಗೆ ಸಿಕ್ಕಿತು, ತುದಿಯನ್ನು ಒಂದು ಚೂರು ಒಳಕ್ಕೆ ಮಡಚಿಟ್ಟಿದ್ದಾರೆ, ಮುಂದಿನ ಸಲ ಉಗುರಿನಲ್ಲಿ ಕೆರೆಯದೆ ಬಿಚ್ಚಲು ಬರುವ ಹಾಗೆ, ಮಾನ್ಯಾಳ ಪುಸ್ತಕಗಳ ಬೈಂಡಿನ ಮೇಲೆ ಹೀಗೆ, ಕಾಫಿಪುಡಿಯ ಪೊಟ್ಟಣದ ಮೇಲೆ ಹೀಗೆ, ನನಗೆ ಕೈ ಮುರಿದಾಗ ಬ್ಯಾಂಡೇಜಿನ ಮೇಲೆ ಅಂಟಿಸಿದ ಪಟ್ಟಿಗೂ ಹೀಗೆ ಒಂದು ಚೂರು ಮಡಿಕೆ, ನೋವಾಗದ ಹಾಗೆ ತೆಗೀಬಹುದಲ್ಲ ವಿದ್ಯಾ, ಇಡೀ ಲೋಕದಲ್ಲಿ ಟೇಪಿನ ತುದಿ ಮಡಚುವ ಗಂಡಸು ಒಬ್ಬರೇ. ಸ್ವಿಚ್ಚನ್ನು ಒತ್ತಿದೆ. ಟಪ್. ಕಾಲನ್ನು ಕೆಳಗಿಳಿಸಿ, ತಿರುಗಿ, ಮೊಣಕೈ ಉಜ್ಜಿಕೊಂಡು ಎದ್ದು ಕೂತು ಕೀ ತಿರುಗಿಸಿದೆ, ಸ್ಟಾರ್ಟಿನವರೆಗೆ ಅಲ್ಲ, ಅರ್ಧಕ್ಕೆ, ಕೆಂಪು ದೀಪ ಹೊತ್ತಿತು, ಅದರ ಪಕ್ಕದಲ್ಲಿ ಪೆಟ್ರೋಲಿನ ಮುಳ್ಳು ನಿದ್ದೆಯಿಂದ ಏಳುವಂತೆ ಅಲುಗಿತು, ಏರಿತು, ಏರುತ್ತಲೇ ಹೋಯಿತು, ನಡುಗುತ್ತಾ ಅರ್ಧ ದಾಟಿ ನಿಂತಿತು. ಪೆಟ್ರೋಲು. ನಾನು ಹಾಕಿಸಿದ್ದಲ್ಲ. ಕಾಸಿಮೇಡಿನಿಂದ ಬರುವಾಗ ಮುಳ್ಳು ತಳದಲ್ಲಿತ್ತು, ಚೆನ್ನಾಗಿ ನೆನಪಿದೆ, ಬಂಕಿನಲ್ಲಿ ನಿಲ್ಲಿಸಲು ಹೆದರಿ ಬಂದಿದ್ದೆ, ಅಂದರೆ ನಾನು ಮಂತ್ರಾಲಯಕ್ಕೆ ಹೋದಾಗ, ಮಾನ್ಯಾಳ ಹಾಸ್ಟೆಲಿಗೆ ಹೋದಾಗ, ಅಮ್ಮನನ್ನು ನೋಡಿಕೊಳ್ಳಲು ಹೋಗಿ ತಿಂಗಳು ಉಳಿದಾಗ, ಇವರು ಕೆಳಗಿಳಿದು ಬಂದು, ಕಾರ್ಪೆಟ್ಟು ಎತ್ತಿ, ಟಪ್ ಎನಿಸಿ, ಓಡಿಸಿ, ತುಂಬಿಸಿ, ಮತ್ತೆ ತಂದು ನಿಲ್ಲಿಸಿ, ಟೇಪಿನ ತುದಿ ಮಡಚಿ — ನಿಂಬೆಹಣ್ಣಿನ ಮೇಲೆ ತಳ್ಳುತ್ತಿದ್ದರಲ್ಲ, ಪ್ರತಿ ವರ್ಷ, ಬೆವರು ಸುರಿಸಿಕೊಂಡು, ಸೀಟಿನ ಮೇಲೆ ನಾನು, ಸೀಟಿನ ಕೆಳಗೆ ಅದು, ಅವರ ಏದುಸಿರು ನಿಜವಾಗಿತ್ತು, ಅದೂ ನಿಜವೇ ಆಗಿತ್ತು.

ಮೆಟ್ಟಿಲಿನಲ್ಲಿ ಹೆಜ್ಜೆ, ಲಿಫ್ಟು ಹಿಡಿಯದೆ ಇಳಿದು ಬರುತ್ತಿದ್ದಾರೆ, ಕೀ ಹಿಂದಕ್ಕೆ, ಮುಳ್ಳು ಬಿತ್ತು, ಸ್ವಿಚ್ಚು ಟಪ್, ಮತ್ತೆ ಕೆಳಗೆ ನುಸುಳಿ ಮಲಗಿದೆ, ಏನಾಯ್ತು ನನಗೆ, ಕೂಗಬೇಕಿತ್ತು, ಕದ್ದವಳ ಹಾಗೆ ಅಡಗುತ್ತಿರುವುದು ನಾನೇ. ಬಾಗಿಲ ಬಳಿ ಎರಡು ಪಾದ, ಪಂಚೆಯ ಅಂಚು, ಕಾಫಿಯ ಲೋಟ ಬಾಗಿಲ ಕೆಳಗೆ ಇಳಿದು ಬಂತು. ಸಾಕು ವಿದ್ಯಾ, ಅಗ್ನಿ ನಕ್ಷತ್ರದ ಬಿಸಿಲು ಹೊರಗೆ, ಇಲ್ಲಿ ಗಾಳಿಯೇ ಇಲ್ಲ, ಬಿಪಿ ಏರಿಸ್ಕೋತೀಯ. ಹೂಂ. ಸಿಕ್ತಾ. ಏನ್ರೀ ಸಿಕ್ಕೋದು. ಅದೇ, ಫಾಲ್ಟು. ಪಾದಗಳನ್ನು ನೋಡುತ್ತಿದ್ದೇನೆ, ಬಲಗಾಲಿನ ಹೆಬ್ಬೆರಳು ನೆಲವನ್ನು ಒತ್ತುತ್ತಿದೆ, ಮೇಲೆತ್ತುತ್ತಿದೆ, ಒತ್ತುತ್ತಿದೆ. ಇಲ್ಲ ರೀ, ಕೀಗೆ ಕರೆಂಟೇ ಬರ್ತಿಲ್ಲ. ಎಲ್ಲಿ, ಒಂದ್ಸಲ ತಿರುಗಿಸು ನೋಡೋಣ. ಮಲಗಿದಲ್ಲಿಂದಲೇ ಕೈ ಮೇಲೆತ್ತಿ ತಿರುಗಿಸಿದೆ, ಪೂರ್ತಿ, ಏನೂ ಇಲ್ಲ, ದೀಪವಿಲ್ಲ, ಸದ್ದಿಲ್ಲ, ಆ ನಿಶ್ಶಬ್ದದಲ್ಲಿ ಇವರು ಉಸಿರು ಬಿಟ್ಟದ್ದು ಕೇಳಿಸಿತು, ಹೆಬ್ಬೆರಳು ನೆಲದಲ್ಲಿ ನಿಂತಿತು. ನಾನ್ ಹೇಳಿದ್ನಲ್ಲಾ, ಪೂರ್ತಿ ವೈರಿಂಗ್, ಬೇಜಾರು ಮಾಡ್ಕೋಬೇಡ, ನಾಳೆ ಎಂಟು ಗಂಟೆಗೆ ಬಾ ಅಂತೀನಿ ಅವನಿಗೆ. ಈಗಲೇ ಎದ್ದು ಹೇಳಬಹುದು, ಓಡಿದ್ರೆ ಇಟ್ಕೋ ಅಂದಿದ್ರಲ್ಲ, ನೋಡಿ, ಓಡ್ತದೆ. ಸಂತೋಷಪಡುತ್ತಾರೆ. ನಿಜವಾಗಿಯೂ ಸಂತೋಷದ ಮುಖ ಮಾಡುತ್ತಾರೆ, ಸಿಹಿ ತರಿಸುತ್ತಾರೆ, ಬಾಡಿಗೆ ಮನೆಯ ನೆರಳಿನಲ್ಲಿ ಕಾರು ನಿಲ್ಲುತ್ತದೆ, ಆಮೇಲೆ ಒಂದು ದಿನ ನಾನು ಒಬ್ಬಳೇ ಎಲ್ಲಿಗೋ ಹೋಗಿ ಬರುತ್ತೇನೆ, ಅದರ ಮುಂದಿನ ವಾರ ಮತ್ತೊಂದು ತಂತಿ ಮತ್ತೊಂದು ದಾರಿ ಹಿಡಿಯುತ್ತದೆ, ನಾನು ಅಳುತ್ತೇನೆ, ಬೆನ್ನು ಸವರುತ್ತಾರೆ. ಬರ್ಲಿ ರೀ, ಎಂಟಕ್ಕೇ ಬರ್ಲಿ. ಕಾಫಿ ಆರುತ್ತೆ ನೋಡು. ಕುಡೀತೀನಿ, ನೀವು ಹೋಗಿ, ಇದೆಲ್ಲಾ ಎತ್ತಿಟ್ಟು ಬರ್ತೀನಿ.

ಪಾದಗಳು ಹೋದವು, ಮೆಟ್ಟಿಲಿನಲ್ಲಿ ಈಗ ಹಗುರವಾಗಿವೆ, ಇಳಿದಾಗಿನಂತಿಲ್ಲ. ಟೇಪು ಬಿಚ್ಚಿದೆ, ನೋವಾಗದ ಹಾಗೆ ಬಿಚ್ಚಿಕೊಂಡಿತು, ಸ್ವಿಚ್ಚಿನ ಎರಡು ಬದಿಯ ತಂತಿಗಳನ್ನೂ ಬಿಡಿಸಿದೆ, ಎರಡರ ತುದಿಯನ್ನೂ ಸೇರಿಸಿ ಹೊಸೆದೆ, ಇನ್ನು ಸ್ವಿಚ್ಚಿಲ್ಲದೆಯೇ ಕರೆಂಟು ಕೀಯವರೆಗೆ ಹೋಗುತ್ತದೆ, ದೇವರ ದೀಪಕ್ಕೆ ದಿನಾ ಬತ್ತಿ ಹೊಸೆಯುವ ಬೆರಳು, ಎಷ್ಟು ಬಿಗಿ ಬೇಕೋ ಗೊತ್ತು, ಮೇಲೊಂದು ಸುತ್ತು ಟೇಪು, ಖಾಲಿಯಾದ ಸ್ವಿಚ್ಚನ್ನು ಪಕ್ಕದಲ್ಲಿಟ್ಟು ಎಲ್ಲವನ್ನೂ ಸೇರಿಸಿ ಇನ್ನೊಂದು ಸುತ್ತು, ತುದಿಯ ಮಡಿಕೆಯೂ ಮೊದಲಿದ್ದ ಹಾಗೇ, ಗಂಟೂ ಮೊದಲಿದ್ದ ಜಾಗದಲ್ಲೇ. ಮಲಗುವ ಮುಂಚೆ ಒಂದು ಸಲ ಕೆಳಗೆ ಬರುತ್ತಾರೆ, ಗೇಟು ನೋಡಿ ಬರ್ತೀನಿ ಎಂದು, ಬರದೆ ಇರಲಾರರು, ಸೀಟಿನ ಕೆಳಗೆ ಕೈ ಹಾಕುತ್ತಾರೆ, ಸ್ವಿಚ್ಚು ತಾವು ಬಿಟ್ಟ ಹಾಗೇ ಆಫ್ ಆಗಿರುತ್ತದೆ, ಬೆರಳಿಗೆ ತಮ್ಮದೇ ಮಡಿಕೆ ಸಿಗುತ್ತದೆ, ನಿಶ್ಚಿಂತೆಯಾಗಿ ಹೋಗಿ ಮಲಗುತ್ತಾರೆ. ನಾನು ಒಳ್ಳೆಯ ನಿದ್ದೆ ಬರಲಿ ಎಂದೇ ಹಾರೈಸುತ್ತೇನೆ. ಕೀಯನ್ನು ಗೊಂಚಲಿನಿಂದ ಬಿಡಿಸಿ ಕುಪ್ಪಸದೊಳಗೆ ಇಟ್ಟುಕೊಂಡೆ, ಕಬ್ಬಿಣ ಬೆಚ್ಚಗಿತ್ತು, ಕಾಫಿ ತಣ್ಣಗಾಗಿತ್ತು, ಎಂಟಕ್ಕೆ ಮೊದಲು ಏಳು, ಏಳಕ್ಕೆ ಮೊದಲು ಆರು, ಆರಕ್ಕೂ ಮೊದಲು ಈ ಬೀದಿಯಲ್ಲಿ ಹಾಲಿನವನ ಸೈಕಲ್ಲು ಬಿಟ್ಟರೆ ಯಾರೂ ಇರುವುದಿಲ್ಲ, ಎಷ್ಟು ದೂರ ಹೋಗಬಹುದು ಆ ಪೆಟ್ರೋಲಿನಲ್ಲಿ, ತೆರೆದ ಕಣ್ಣಿನ ಮುಂದೆ ಡ್ಯಾಶ್‌ಬೋರ್ಡು ಕಪ್ಪಾಗಿದೆ, ಆದರೂ ಕಾಣುತ್ತದೆ, ಮುಳ್ಳು ಏಳುತ್ತದೆ, ನಡುಗುತ್ತದೆ, ಅರ್ಧ ದಾಟುತ್ತದೆ, ಬಿಳಿಯ ಸಣ್ಣ ಮುಳ್ಳು, ಅರ್ಧ ದಾಟಿ