ಮಣ್ಣಿಗೆ ಬಾರದ ಚೂರು

“ಎಡಮಗ್ಗಲ ಒಂದು ಗೇಣು ಜಾಸ್ತಿ ತಗಿಯೋ ಖಾಸಿಂ,” ಎಂದು ದಾದಾಪೀರ ಗೋರಿಯೊಳಕ್ಕೆ ಬಾಗಿ ಕೂಗಿದ.

ಸೊಂಟದ ಮಟ್ಟ ಅಗೆದಿದ್ದ ಖಾಸಿಂಸಾಬ ಗುದ್ದಲಿ ನಿಲ್ಲಿಸಿ ಮೇಲೆ ನೋಡಿದ. “ಕಾಕಿ ಅಷ್ಟು ದಪ್ಪ ಎಲ್ಲಿದ್ಲು ಕಾಕಾ?”

“ಅಕೀದು ಇನ್ನೊಂದೀಟು ಬರೋದೈತಿ. ನಮ್ಮ ಅಯ್ಯೂಬ ತರಾಕ ಗದಗಕ್ಕ ಹೋಗ್ಯಾನ.”

ಮುಳಗುಂದದ ಕಬರಸ್ತಾನದಲ್ಲಿ ನೆರೆದವರು ಮುಖ ಮುಖ ನೋಡಿಕೊಂಡರು. ಹೆಂಡತಿ ಸತ್ತ ದಿನ ಗಂಡಸಿನ ತಲೆ ಎಲ್ಲಿ ನೆಟ್ಟಗಿರುತ್ತದೆ ಎಂದು ತಾವೇ ಸಮಾಧಾನವನ್ನೂ ಮಾಡಿಕೊಂಡರು. ದಾದಾಪೀರನ ತಲೆ ನೆಟ್ಟಗೇ ಇತ್ತು. ಬೀಬಿಜಾನಳ ಎಡ ಎದೆಯನ್ನು ಕತ್ತರಿಸಿ ತೆಗೆದು ಏಳೆಂಟು ವರ್ಷವಾಗಿತ್ತು. ದೇಹದಿಂದ ಬೇರೆಯಾದದ್ದೂ ಮಣ್ಣಿಗೇ ಸೇರಬೇಕೆಂಬುದು ಅವರ ರೂಢಿ; ಅದು ಸೇರಿರಲಿಲ್ಲ. ಈಗಲಾದರೂ ಅವಳನ್ನು ಇಡಿಯಾಗಿ ಮಲಗಿಸಬೇಕು ಎಂಬುದೊಂದೇ ಅವನ ಹಟ.

* * *

ಇಬ್ಬರೂ ಗಾದಿ ಮಾಡುವವರು. ಅವನು ಅರಳೆ ಹಿಂಜಿದರೆ ಅವಳು ತುಂಬಿ ಹೊಲಿಯುವಳು. ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ ಮೊದಲು ತೋರಿಸಿದ ದವಾಖಾನೆಯಲ್ಲಿ ಸೂಜಿ ಚುಚ್ಚಿ ತೆಗೆದದ್ದನ್ನು ದುರ್ಬೀನಿನಲ್ಲಿ ನೋಡಿ, ಏನೂ ಇಲ್ಲ, ಹೋಗು ಎಂದರು. ಪಾಪ, ನೋಡಿದವನಿಗೆ ನೋಡುವುದನ್ನು ಕಲಿಸಿದವರೇ ಇರಲಿಲ್ಲ. ಆ ಮಾತು ನಂಬಿ ಒಂದು ವರ್ಷ ಕಳೆದುಹೋಯಿತು. ಗದಗಿಗೆ ಬರುವಷ್ಟರಲ್ಲಿ ರೋಗ ಬಗಲಿಗೂ ಹಬ್ಬಿತ್ತು.

ಆಪರೇಷನ್ ಆದ ಮೇಲೆ ಕತ್ತರಿಸಿದ್ದನ್ನು ಸುತ್ತಿ ಒಯ್ಯಲು ದಾದಾಪೀರ ಬಿಳಿ ಬಟ್ಟೆ ಹಿಡಿದು ಬಾಗಿಲಲ್ಲಿ ಕಾದ. ಲ್ಯಾಬಿನ ಡಾಕ್ಟರ್ ಅಕ್ಷಯಾ ಬಂದು, ಪರೀಕ್ಷೆ ಮುಗಿದ ಮೇಲೆ ಹುಡುಗರಿಗೆ ಕಲಿಸಲು ಅದನ್ನು ಇಟ್ಟುಕೊಳ್ಳಬಹುದೇ ಎಂದು ಬೀಬಿಜಾನಳನ್ನೇ ಕೇಳಿದಳು.

“ಇಟ್ಕೋರಿ,” ಎಂದಳು ಬೀಬಿಜಾನ. “ನನ್ನ ಗಂಟು ಗುರ್ತ ಹಿಡಿಯವ್ರು ಸಿಗಲಿಲ್ಲ. ಮುಂದ ಬರಾಕಿಗರ ಸಿಗ್ಲಿ.”

“ಅದು ಮಣ್ಣಿಗೆ ಸೇರಬೇಕಲೇ!” ಎಂದ ದಾದಾಪೀರ.

“ನಾ ಇನ್ನೂ ಮಣ್ಣಿನ ಮ್ಯಾಲ ಅದೇನಲ್ರಿ. ಮೊದಲ ಇದ್ದಾಕೀನ ನೋಡ್ಕೋರಿ.”

ಅವನು ಬಟ್ಟೆ ಮಡಚಿ ಜೇಬಿಗಿಟ್ಟ. ಆದರೆ ಮನೆಗೆ ಬಂದ ಮೇಲೆ ಮಗ್ಗುಲಲ್ಲಿ ಮಲಗಿದವಳ ಎದೆಯ ಚಪ್ಪಟೆ ಜಾಗ ಕೈಗೆ ತಾಗಿದಾಗೆಲ್ಲ, ಅವಳ ಒಂದು ಪಾಲು ಗದಗಿನಲ್ಲಿ ಒಂಟಿಯಾಗಿ ಕೂತಿದೆ ಅನ್ನಿಸುತ್ತಿತ್ತು.

* * *

ಜನಾಜಾದಿಂದ ಎತ್ತಿ ಬೀಬಿಜಾನಳನ್ನು ಗೋರಿಗೆ ಇಳಿಸಿದ ಮೇಲೆ ಮಗ ಅಯ್ಯೂಬ ಬಂದ. ಅವನ ಹಿಂದೆ ಅಕ್ಷಯಾ ತಾನೇ ಬಂದು ಗೇಟಿನ ಹೊರಗೆ ನಿಂತಳು. ದಾದಾಪೀರ ಓಡಿದಂತೆ ಹೋಗಿ ಎರಡೂ ಕೈ ಚಾಚಿದ. ಅವಳು ಡಬ್ಬಿ ತೆರೆದು ಬೆರಳುದ್ದದ ಗಾಜಿನ ಪಟ್ಟಿಯೊಂದನ್ನು ಇಟ್ಟಳು. ನಡುವೆ ಉಗುರಿನಷ್ಟು ನೇರಳೆ ಕಲೆ.

“ಇಷ್ಟ ಏನ್ರಿ, ಡಾಕ್ಟರ್ ಬಾಯಾರ?”

“ಉಳದದ್ದು ಹೋತ್ರಿ ಕಾಕಾ. ಇದೊಂದ ಅದ.” ಅಕ್ಷಯಾ ನೇರಳೆ ಕಲೆ ತೋರಿಸಿದಳು. “ಹೊಸಾ ಹುಡುಗರಿಗೆ ಮೊದಲ ಇದನ್ನ ತೋರಸ್ತೀನಿ. ಇದನ್ನ ನೋಡಿ ಕಲತಾಕಿ ಒಬ್ಬಾಕಿ ಮೊನ್ನೆ ಶಿರಹಟ್ಟಿ ಹೆಣ್ಣಮಗಳ ಗಂಟು ಸಣ್ಣದಿದ್ದಾಗನ ಹಿಡದಾಳ. ಆದ್ರ ಇದು ನಿಮ್ಮದು. ನೀವು ಅಂದಂಗ.”

ಖಾಸಿಂಸಾಬ ಕೆಸರುಗೈ ಒರೆಸಿಕೊಂಡು ಬಂದ. “ಕೊಡು ಕಾಕಾ, ಎದಿ ಮಗ್ಗಲ ಇಡ್ತೇನಿ.”

ದಾದಾಪೀರ ಗಾಜನ್ನು ಬಿಸಿಲಿಗೆ ಹಿಡಿದ. “ಇದರಾಗ ಅಕಿ ಕಾಣ್ತಾಳೇನ್ರಿ?”

“ಲ್ಯಾಬಿನ ದುರ್ಬೀನದಾಗ ಇಟ್ರ ಕಾಣ್ತದರಿ.”

ಅವನು ಗೋರಿಯತ್ತ ನೋಡಿದ. ಅಲ್ಲಿಗೆ ಇಳಿದದ್ದು ಇನ್ನು ಕಾಣುವುದಿಲ್ಲ.

“ಹಂಗಾರ ಇದನ್ನ ಮುಚ್ಚೋದು ಬ್ಯಾಡ,” ಎಂದು ಗಾಜನ್ನು ಅವಳ ಕೈಗಿಟ್ಟು, ಹೆಂಡತಿಗೆ ಮಣ್ಣು ಕೊಡಲು ಹೋದ.

* * *

ಮನೆ ತುಂಬ ನೆಂಟರಿರುವಾಗ ಎಲ್ಲಿಗೆ ಹೊರಟೆ ಎಂದು ಬೈದವರಿಗೆ ಉತ್ತರ ಕೊಡದೆ, ದಾದಾಪೀರ ಸಂಜೆ ಅಕ್ಷಯಾಳ ಕಾರಿನಲ್ಲಿ ಗದಗಿಗೆ ಬಂದ. ಲ್ಯಾಬಿನ ಹುಡುಗರು ಎದ್ದು ಸ್ಟೂಲು ಬಿಟ್ಟುಕೊಟ್ಟರು. ದುರ್ಬೀನಿನೊಳಗೆ ಬಾಗಿ ನೋಡಿದರೆ ಮೊದಲು ತನ್ನ ರೆಪ್ಪೆಯೇ ಕಂಡಿತು. ಅಕ್ಷಯಾ ತಿರುಪು ತಿರುಗಿಸಿದಂತೆ ಬೆಳಕಿನೊಳಗೆ ಒತ್ತಾದ ನೇರಳೆ ಚುಕ್ಕೆಗಳು ತೇಲಿಬಂದವು.

“ದಟ್ಟ ಕಾಣೋದು ರೋಗ. ಅದರ ಮಗ್ಗಲ ತಿಳಿ ಗುಲಾಬಿ ಅದ ನೋಡ್ರಿ, ಅದು ನಿಮ್ಮನಿಯವ್ರು.”

ದಾದಾಪೀರ ಗುಲಾಬಿಯನ್ನು ಹುಡುಕಿದ. ನೇರಳೆಯ ಸಂದಿಯಲ್ಲಿ ಒಂದು ಎಳೆ ಉಳಿದಿತ್ತು. ಬೇರೆ ಜಾಗ ತೋರಿಸಲು ಅಕ್ಷಯಾ ಗಾಜಿಗೆ ಕೈ ಹಾಕಿದಳು.

“ಸರಿಸಬ್ಯಾಡ್ರಿ,” ಎಂದ. “ಈಗಷ್ಟ ಸಿಕ್ಕಾಳ.”

ಕಣ್ಣು ತುಂಬಿ ಗುಲಾಬಿಯೆಲ್ಲ ಕಲಸಿಹೋಯಿತು. ತೋಳಿನಿಂದ ಒರೆಸಿಕೊಂಡು ಮತ್ತೆ ಬಾಗಿದ. ಹಿಂದೆ ಹುಡುಗರು ಸಾಲಾಗಿ ನಿಂತು ಕಾಯುತ್ತಿದ್ದರು.