ಉಲ್ಟಾ ಕೂತ ಮ್ಯಾಗ್ನೆಟ್

ಚೀಲದೊಳಗೆ ತಂತಿ ಗುಂಯ್ ಅನ್ನುತ್ತಿದೆ, ಡ್ರೈವರ್ ಗೇರು ಬದಲಿಸಿದಾಗಲೆಲ್ಲ ಒಂದು ತಂತಿ ಸುಮ್ಮನಾಗಿ ಇನ್ನೊಂದು ಶುರುವಾಗುತ್ತದೆ, ಇದು ದಪ್ಪ ತಂತಿಯೇ ಇರಬೇಕು, ಅದರ ನಡುಕ ನನ್ನ ಮೊಣಕಾಲಿಗೆ ತಾಗುತ್ತಿದೆ, ಪಕ್ಕದ ಸೀಟಿನ ಅಜ್ಜಿ ಆಗಿನಿಂದ ಚೀಲವನ್ನೇ ನೋಡುತ್ತಿದ್ದಳು, ಏನೈತೋ ತಮ್ಮಾ ಅದರಾಗ, ಗಿಟಾರ್ ಐತಬೇ, ಬಾರಿಸ್ತೀಯೇನ, ಇಲ್ಲಬೇ, ರಿಪೇರಿ ಮಾಡ್ತೀನಿ — ರಿಪೇರಿ, ಆ ಮಾತು ಬಾಯಿಂದ ಹೊರಬಿದ್ದದ್ದೇ ಮುಖವನ್ನು ಕಿಟಕಿ ಕಡೆ ತಿರುಗಿಸಿಕೊಂಡೆ. ಗಂಗಾವತಿ ಹಿಂದೆ ಬಿತ್ತು, ಇನ್ನೂ ಭತ್ತದ ಗದ್ದೆ, ಕಾಲುವೆಯ ಏರಿ ಮೇಲೆ ಬಟ್ಟೆ ಒಗೆಯುವವರು, ಆಮೇಲೆ ಹೇಮಗುಡ್ಡ, ಬೂದಗುಂಪಾ ಕ್ರಾಸ್, ಆಮೇಲೆ ಗಿಣಿಗೇರಾ, ಅಲ್ಲಿ ಇಳಿಯಬೇಕು, ಯಂಕೋಬ ಕಾಕಾನ ಮನೆಗೆ ಹೋಗಬೇಕು, ಗಿಟಾರ್ ಕೈಗೆ ಕೊಟ್ಟು ಹೇಳಬೇಕು, ಕಾಕಾ, ನಿಮ್ಮ ಕಿವಿಗೆ ಏನೂ ಆಗಿಲ್ರಿ, ತಪ್ಪು ನಂದು. ಇಷ್ಟೇ. ಅಂಗಡಿ ಶಟರ್ ಎಳೆಯುವಾಗ ಒಂದು ಸಲ ಹೇಳಿಕೊಂಡೆ, ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಸಲ, ಆಗ ಬಾಯಿಗೆ ಸಲೀಸಾಗಿ ಬಂತು, ಈಗ ಬಸ್ಸು ಮುಂದೆ ಹೋದಷ್ಟೂ ಆ ಮಾತು ಬಾಯೊಳಗೆ ಒಣಗುತ್ತಿದೆ.

ಕಾಕಾ ಅಂದರೆ ರಕ್ತಸಂಬಂಧವೇನಲ್ಲ, ಅಪ್ಪ ಇದ್ದಾಗಿನಿಂದ ನಮ್ಮ ಮೋಟರ್ ವೈಂಡಿಂಗ್ ಅಂಗಡಿಗೆ ಬಂದು ಹೋಗುವ ಮನುಷ್ಯ, ಕಬ್ಬಿಣದ ಫ್ಯಾಕ್ಟರಿಯಲ್ಲಿ ಫರ್ನೇಸ್ ಮುಂದೆ ದುಡಿಮೆ, ರಜೆ ಸಿಕ್ಕರೆ ಕೊಪ್ಪಳದ ಆರ್ಕೆಸ್ಟ್ರಾದಲ್ಲಿ ಗಿಟಾರ್, ಮದುವೆ, ಗಣಪತಿ, ಯಾವುದಕ್ಕೆ ಕರೆದರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಾಜರ್. ಎಂಥ ಕಿವಿ ಅದು. ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಅನ್ನುತ್ತಿದ್ದ, ಸಿದ್ದು, ಆ ಮೋಟರಿಂದು ಹಿಂದಿನ ಬೇರಿಂಗ್ ಹೋಗೈತಿ ನೋಡು, ನಾನು ನಗುತ್ತಿದ್ದೆ, ಬಿಚ್ಚಿ ನೋಡಿದರೆ ಹಿಂದಿನದೇ ಹೋಗಿರುತ್ತಿತ್ತು, ಆಮೇಲಾಮೇಲೆ ನಾನು ಬಿಚ್ಚಿ ನೋಡುವುದನ್ನೇ ಬಿಟ್ಟೆ, ಕಾಕಾ ಹೇಳಿದ ಅಂದರೆ ಹೊಸ ಬೇರಿಂಗ್ ತರಿಸುತ್ತಿದ್ದೆ. ಆ ಕಿವಿಯ ಮೇಲೆ ಇಷ್ಟು ವರ್ಷ ಅಂಗಡಿ ನಡೆಸಿದವನು ನಾನು, ಆ ಕಿವಿಗೇ ಹೋಗಿ — ಕಂಡಕ್ಟರ್ ಬಂದ, ಎಲ್ಲಿಗ್ರೀ, ಗಿಣಿಗೇರಾ ಒಂದು ಕೊಡ್ರಿ, ಆ ಚೀಲ ಸ್ವಲ್ಪ ಒಳಗ ಎಳಕೋರಿ, ಮಂದಿ ಎಡವತಾರ, ಎಳೆದುಕೊಂಡೆ, ಈಗ ಗಿಟಾರಿನ ಕತ್ತು ನನ್ನ ಭುಜಕ್ಕೆ ಒರಗಿದೆ, ನಿದ್ದೆ ಬಂದ ಕೂಸಿನ ಹಾಗೆ.

ಸುಗ್ಗಿ ಶುರುವಾದ ಹೊತ್ತಿಗೆ ಕಾಕಾ ಬಂದಿದ್ದ, ಕೈಯಲ್ಲಿ ಇದೇ ಗಿಟಾರ್, ಜೇಬಿನಲ್ಲಿ ಕಾಗದ ಸುತ್ತಿದ, ಬೆರಳುದ್ದದ ಎರಡು ಮ್ಯಾಗ್ನೆಟ್ ಕಡ್ಡಿ, ಸಿದ್ದು, ಇದರ ದನಿ ಭಾಳ ಒರಟು ಐತಿ, ಮ್ಯಾಗ್ನೆಟ್ ಬದಲಿ ಮಾಡಿಕೊಡು, ಮೆತ್ತಗ ಮಾತಾಡೋ ಮ್ಯಾಗ್ನೆಟ್ ತರಿಸೀನಿ. ಗಿಟಾರ್ ನನಗೆ ಹೊಸದು, ಆದರೆ ತಂತಿಯ ಕೆಳಗಿನ ಆ ಎರಡು ಡಬ್ಬಿ, ಪಿಕಪ್ ಅನ್ನುತ್ತಾರೆ, ಅದನ್ನು ಬಿಚ್ಚಿ ನೋಡಿದರೆ ನಮ್ಮದೇ ಮನೆ ಸಂಸಾರ, ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸುರುಳಿ, ಅದರ ಅಡಿಗೆ ಒಂದು ಮ್ಯಾಗ್ನೆಟ್, ಅಷ್ಟೇ, ಮೇಲೆ ಕಬ್ಬಿಣದ ತಂತಿ ನಡುಗಿದರೆ ಕೆಳಗೆ ಸುರುಳಿಯಲ್ಲಿ ಕರೆಂಟ್. ಕಾಕಾ ಅದನ್ನು ತನ್ನದೇ ರೀತಿಯಲ್ಲಿ ವಿವರಿಸಿದ್ದ, ಒಂದು ಗಂಡ, ಒಂದು ಹೆಂಡ್ತಿ ಅಂತ ತಿಳಕೋ, ಈ ಸ್ವಿಚ್ ಮ್ಯಾಲ ಮಾಡಿದ್ರ ಆಕಿ ಮಾತಾಡ್ತಾಳ, ಕೆಳಗ ಮಾಡಿದ್ರ ಅವ, ನಡುವ ಇಟ್ಟರ ಇಬ್ರೂ ಕೂಡಿ, ನಾ ಯಾವಾಗ್ಲೂ ನಡುವನ ಇಡ್ತೀನಿ, ನಮ್ಮ ಮನ್ಯಾಗಂತೂ ಇಬ್ರೂ ಕೂಡಿ ಮಾತಾಡಂಗಿಲ್ಲ. ಅಂದು ತಾನೇ ನಕ್ಕಿದ್ದ. ಮೇಣ ಕರಗಿಸಿ, ಸ್ಕ್ರೂ ಸಡಿಲ ಮಾಡಿ, ಹಳೆಯ ಮ್ಯಾಗ್ನೆಟ್ ತಳ್ಳಿ ತೆಗೆದೆ, ಹೊಸದರ ಮೇಲೆ ಯಾವ ಮುಖ ಯಾವ ಕಡೆ ಅಂತ ಬಳಪದಿಂದ ಗೆರೆ ಎಳೆದೆ, ಅಲ್ಲಿಯವರೆಗೆ ಎಲ್ಲ ಸರಿ, ಅಲ್ಲಿಯವರೆಗೆ ನನ್ನ ಕೈ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಒಂದು ಕಡ್ಡಿ ಮೊಳೆಯನ್ನು ಗಟ್ಟಿ ಹಿಡಿಯುತ್ತಿತ್ತು, ಇನ್ನೊಂದು ಹಿಡಿದಂತೆ ಮಾಡಿ ಕೈಬಿಡುತ್ತಿತ್ತು, ಕಸುವಿಲ್ಲ, ಎಲ್ಲಿಂದಲೋ ಪಾರ್ಸೆಲ್ ಬಂದ ಮಾಲು, ವಾಪಸ್ ಕಳಿಸಿರಿ ಅನ್ನಬಹುದಿತ್ತು. ನನಗೆ ಜಾಣತನ ತೋರಿಸುವ ಹುಕಿ. ರೈಸ್ ಮಿಲ್ಲಿನಲ್ಲಿ ಭತ್ತ ಸುರಿಯುವ ಬಾಯಿಗೆ ದೊಡ್ಡ ಮ್ಯಾಗ್ನೆಟ್ ಇರುತ್ತದಲ್ಲ, ಭತ್ತದ ಜೊತೆ ಬಂದ ಮೊಳೆ, ತಂತಿ ತುಣುಕು ಹಿಡಿದಿಡಲಿಕ್ಕೆ, ಒಮ್ಮೆ ನನ್ನ ಸ್ಪಾನರನ್ನೇ ಎಳೆದುಕೊಂಡು ಇಬ್ಬರು ಸೇರಿ ಬಿಡಿಸಬೇಕಾಗಿತ್ತು, ಅದಕ್ಕೆ ಈ ಕಡ್ಡಿಯನ್ನು ಅಂಟಿಸಿದರೆ ಕಸುವು ತುಂಬುತ್ತದೆ ಅಂತ ಮಿಲ್ಲಿಗೆ ಹೋದೆ. ಮಿಲ್ಲಿನ ಪಂಪಣ್ಣ ಜಲ್ದಿ ಜಲ್ದಿ ಅನ್ನುತ್ತಿದ್ದ, ಭತ್ತದ ಲಾರಿ ನಿಂತಾವಪಾ, ನಾನು ಕಡ್ಡಿ ಹಚ್ಚಿದೆ, ಟಪ್ ಅಂತ ಕಚ್ಚಿಕೊಂಡಿತು, ಕಿತ್ತು ತಂದೆ, ಈಗ ಮೊಳೆಯೇನು, ಇಕ್ಕಳವನ್ನೂ ಹಿಡಿಯುತ್ತಿತ್ತು. ಯಾವ ಮುಖ ಹಚ್ಚಿದೆ, ನೋಡಲಿಲ್ಲ. ಬಳಪದ ಗೆರೆ ಇದ್ದಲ್ಲೇ ಇತ್ತು, ಕಡ್ಡಿಯೊಳಗಿನ ದಿಕ್ಕು ಮಾತ್ರ ತಿರುಗಿಬಿಟ್ಟಿತ್ತು, ನಾನು ಗೆರೆ ನಂಬಿ ಕೂರಿಸಿದೆ. ಆಮೇಲೆ ಒಂದೊಂದೇ ಪಿಕಪ್ಪಿಗೆ ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿದೆ, ಟಕ್ ಅಂದಿತು ಇದು, ಟಕ್ ಅಂದಿತು ಅದು, ಮೋಟರಿನಲ್ಲಿ ಕಾಯಿಲ್ ಪರೀಕ್ಷೆ ಮಾಡುವುದು ಹಾಗೆಯೇ, ಒಂದೊಂದೇ. ಸ್ವಿಚ್ ನಡುವೆ ಇಟ್ಟು ನೋಡಲೇ ಇಲ್ಲ.

ಗಿಟಾರ್ ಒಯ್ದ ಕಾಕಾ ತಿರುಗಿ ಬಂದ ದಿನ ಅಂಗಡಿಯಲ್ಲಿ ಅಯ್ಯಪ್ಪ ಕೂತಿದ್ದ, ಕಾರಟಗಿ ಕಡೆಯ ರೈತ, ನಾನು ಸುತ್ತಿಕೊಟ್ಟ ಅವನ ಪಂಪಿನ ಮೋಟರ್ ಗದ್ದೆಯಲ್ಲೇ ಸುಟ್ಟಿತ್ತು, ಏನ್ ಕೆಲಸ ಮಾಡ್ತಿಯೋ ನೀ, ನಿಮ್ಮಪ್ಪ ಇದ್ದಾಗ ಹಿಂಗ ಆಗ್ತಿದ್ದಿಲ್ಲ, ಅಂತ ಬೀದಿಗೆ ಕೇಳುವಂತೆ ಕೂಗಾಡಿ ಈಗಷ್ಟೇ ಸುಮ್ಮನಾಗಿದ್ದ, ಎದುರಿನ ಟೈರ್ ಅಂಗಡಿಯವರು ಇನ್ನೂ ಇಣುಕುತ್ತಿದ್ದರು, ಅದೇ ಹೊತ್ತಿಗೆ ಕಾಕಾ. ಸಿದ್ದು, ದನಿ ಏನೋ ಪೊಳ್ಳ ಬರಾಕತ್ತೈತಲ್ಲೋ, ಇಬ್ರೂ ಕೂಡಿದ್ರ ದನೀನ ಇಲ್ಲ, ಮೂಗಿನಾಗ ಮಾತಾಡಿದಂಗ ಅಕ್ಕೈತಿ. ಅಂಗಡಿಯ ಸಣ್ಣ ಆಂಪ್ಲಿಫೈಯರಿಗೆ ಹಚ್ಚಿ ಬಾರಿಸಿ ತೋರಿಸಿದ, ಪೊಳ್ಳೇ ಇತ್ತು, ನನಗೂ ಕೇಳಿಸಿತು, ಕಾಳಿಲ್ಲದ ಭತ್ತದ ಹಾಗೆ ಬರೀ ಸಿಪ್ಪೆ, ಕೇಳಿಸಿಯೂ ಅಯ್ಯಪ್ಪನ ಮುಖ ನೋಡಿದೆ, ಇನ್ನೊಂದು ತಪ್ಪು ಇವನ ಮುಂದೆ ಒಪ್ಪಿಕೊಳ್ಳುವುದೇ ಅನ್ನಿಸಿತು, ಬಾಯಿ ತಾನಾಗಿಯೇ ಆಡಿಬಿಟ್ಟಿತು, ಮ್ಯಾಗ್ನೆಟ್ ಬರೋಬ್ಬರಿ ಅದಾವ ಕಾಕಾ, ಫರ್ನೇಸ್ ಸಪ್ಪಳದ ಮುಂದ ಎಷ್ಟ್ ವರ್ಷ ಆತ್ರಿ ನಿಮಗ, ಕಿವಿ ಒಮ್ಮೆ ತೋರಿಸ್ಕೊಳ್ರಿ. ತೋರಿಸ್ಕೊಳ್ರಿ. ಗೌರವ ಕೊಟ್ಟು ಹೇಳಿದೆ, ಅದು ಬೇರೆ. ಕಾಕಾ ಜಗಳ ಮಾಡಲಿಲ್ಲ, ಬೈದಿದ್ದರೆ ನಾನು ಬಚಾವಾಗುತ್ತಿದ್ದೆ, ಮೆಲ್ಲಗೆ ಇನ್ನೊಮ್ಮೆ ತಂತಿ ಮೀಟಿದ, ಮೀಟಿ ಗಿಟಾರ್ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಅಯ್ಯಪ್ಪನ ಮುಖ ನೋಡಿದ, ನಿಮಗ ಹೆಂಗ ಕೇಳ್ತೈತ್ರಿ. ಗಿಟಾರನ್ನು ಎಂದೂ ಕಂಡು ಕೇಳಿರದ ಅಯ್ಯಪ್ಪನಿಗೆ ತನ್ನ ಮೋಟರಿನ ಚಿಂತೆ, ಛಲೋನ ಐತಲ್ರೀ, ಅಂದ. ಕಾಕಾ ತಲೆ ಅಲ್ಲಾಡಿಸಿ ಚೀಲದ ಜಿಪ್ ಎಳೆದುಕೊಂಡ.

ಗೊತ್ತಾಗಲಿಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ, ಅದೇ ಸಂಜೆ ಅಯ್ಯಪ್ಪನ ಮೋಟರ್ ಸರಿಮಾಡಿ ಕರೆಂಟ್ ಕೊಟ್ಟೆ, ಉಲ್ಟಾ ತಿರುಗಿತು, ಅದೇನು ದೊಡ್ಡದಲ್ಲ, ಎರಡು ವಯರ್ ಅದಲುಬದಲು ಮಾಡಿದರೆ ಆಯಿತು, ದಿನಾ ಮಾಡುವ ಕೆಲಸ, ವಯರ್ ಹಿಡಿದ ಕೈ ಅಲ್ಲೇ ನಿಂತಿತು. ಉಲ್ಟಾ. ಕಾಕಾನ ಗಿಟಾರಿನಲ್ಲೂ ಅದೇ, ಒಂದು ಪಿಕಪ್ ಹೂಂ ಅಂದರೆ ಇನ್ನೊಂದು ಊಹೂಂ ಅನ್ನುತ್ತಿದೆ, ಒಂದರ ಮಾತನ್ನು ಇನ್ನೊಂದು ನುಂಗುತ್ತಿದೆ, ಬೇರೆಬೇರೆ ಕೇಳಿದರೆ ಎರಡೂ ಸರಿ, ಕೂಡಿಸಿದರೆ ಪೊಳ್ಳು. ಕಾಕಾನ ಕಿವಿ ಹೇಳಿದ್ದು ಅಕ್ಷರಶಃ ಖರೆ. ಫೋನ್ ಕೈಗೆ ತಗೊಂಡೆ, ನಾಳೆ ಮಾಡೋಣ ಅಂದುಕೊಂಡೆ, ನಾಳೆ ಮಿಲ್ಲಿನ ಮೋಟರ್ ಬಂತು, ಆಮೇಲೆ ಮನೆಯಲ್ಲಿ ಯಾರಿಗೋ ಜ್ವರ, ನೆಪಕ್ಕೇನು ಬರವೇ, ಇಷ್ಟು ದಿನ ಬಿಟ್ಟು ಈಗ ಹೇಗೆ ಹೇಳುವುದು ಅನ್ನುವುದೂ ಒಂದು ನೆಪ. ಅಷ್ಟರಲ್ಲಿ ಕಾಕಾನೇ ಬಂದು ಗಿಟಾರನ್ನು ಕೌಂಟರ್ ಮೇಲೆ ಮಲಗಿಸಿ ಹೋದ, ಆರ್ಕೆಸ್ಟ್ರಾ ಬಿಟ್ಟೆ ಸಿದ್ದು, ನಾಕ ಮಂದಿ ಮುಂದ ತಪ್ಪು ಬಾರಿಸೋದು ಬ್ಯಾಡ, ಯಾರರ ಕಲಿಯೋರು ಬಂದ್ರ ಕೊಟ್ಟುಬಿಡು, ನೀ ಅಂದದ್ದು ಛಲೋ ಆತು, ಉಳದವ್ರು ಯಾರೂ ಬಾಯಿಬಿಟ್ಟು ಹೇಳ್ತಿದ್ದಿಲ್ಲ. ನನಗೆ ಥ್ಯಾಂಕ್ಸ್ ಹೇಳುವ ಹಾಗೆ ಹೇಳಿದ. ಆಗಲೂ ನಾನು ಚಹಾ ತರಿಸಲೇನ್ರಿ ಅಂದೆ, ಛೀ.

ನಿನ್ನೆ ಯಮನೂರಮ್ಮ ಚಿಗವ್ವ ಫೋನ್ ಮಾಡದಿದ್ದರೆ ಇವತ್ತೂ ಈ ಬಸ್ಸು ಹತ್ತುತ್ತಿದ್ದಿಲ್ಲವೇನೋ. ಕಾಕಾನ ಹೆಂಡತಿ, ಫೋನಿನಲ್ಲಿ ಯಾವಾಗಲೂ ಕೂಗಿ ಮಾತಾಡುವವಳು ನಿನ್ನೆ ಪಿಸುಗುಟ್ಟುತ್ತಿದ್ದಳು, ಸಿದ್ದು, ನಿಮ್ಮ ಕಾಕಾಗ ಏನಾಗೈತೋ ತಿಳೀವಲ್ದು, ಕುಕ್ಕರ್ ಸೀಟಿ ಹೊಡದ್ರ ಹೊಡೀತೇನ ಅಂತ ನನ್ನ ಕೇಳ್ತಾರ, ಬಾಗಲಾ ಬಡದ್ರ ಯಾರರ ಬಡದ್ರೇನ ಅಂತಾರ, ಕೇಳಸ್ತೈತಪಾ ಅವ್ರಿಗೆ, ಕೇಳಿದ್ದನ್ನ ನಂಬವಲ್ರು. ನಾನು ಫೋನಿಟ್ಟು ಗಿಟಾರ್ ಬಿಚ್ಚಿದೆ, ತಂತಿ ಸಡಿಲಿಸಿದೆ, ಮೇಣ ಕೆರೆದೆ, ಕಡ್ಡಿ ತಳ್ಳಿದೆ, ತಿರುವಿ ಮತ್ತೆ ತಳ್ಳಿದೆ, ಒಂದು ಚಹಾ ಆರುವಷ್ಟು ಹೊತ್ತಿನ ಕೆಲಸ, ಅಷ್ಟೇ, ಅಷ್ಟಕ್ಕೆ ಒಬ್ಬ ಮನುಷ್ಯನ ಕಿವಿಯನ್ನೇ ಕಸಿದುಕೊಂಡಿದ್ದೆ. ಸ್ವಿಚ್ ನಡುವೆ ಇಟ್ಟು ಮೀಟಿದೆ, ದನಿ ತುಂಬಿ ಬಂತು, ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಬೂದಗುಂಪಾ ದಾಟಿದ್ದೇ ಗೊತ್ತಾಗಲಿಲ್ಲ, ಹಸಿರು ಮುಗಿದಿದೆ, ಬೇವಿನ ಎಲೆ ಮೇಲೆಲ್ಲ ಕರಿ ಧೂಳು, ಚಿಮಣಿ ಕಾಣುತ್ತಿವೆ. ಸಾಲ್ಡರ್ ಬಿಟ್ಟಿತ್ತು ಅನ್ನಲೇ, ಪಾರ್ಸೆಲ್ ಕಳಿಸಿದವರೇ ತಪ್ಪು ಮ್ಯಾಗ್ನೆಟ್ ಕಳಿಸಿದ್ದರು ಅನ್ನಲೇ, ಕಾಕಾ ನಂಬುತ್ತಾನೆ, ನಾನು ಹೇಳಿದ್ದೆಲ್ಲ ನಂಬುತ್ತಾನೆ, ಅದೇ ಬೇನೆ. ಇಲ್ಲ, ಇದ್ದದ್ದು ಇದ್ದಂತೆ ಹೇಳಬೇಕು, ಗಿಣಿಗೇರಾ ಇಳಿಯೋರು ಬರ್ರಿ ಬರ್ರಿ, ಅಜ್ಜಿ ಕಾಲು ಎತ್ತಿ ದಾರಿ ಕೊಟ್ಟಳು.

ಕಾಕಾ ಕಟ್ಟೆ ಮೇಲೆ ಕೂತಿದ್ದ, ಬಾ ಸಿದ್ದು, ಗಿಟಾರ್ ಯಾಕ ಹೊತಗೊಂಡು ಬಂದಿ, ಯಾರೂ ಒಯ್ಯಲಿಲ್ಲೇನ. ನಾನು ಒಳಗೆ ಹೋಗುವವರೆಗೂ ತಡೆಯಲಿಲ್ಲ, ನಿಂತಲ್ಲೇ ಒದರಿಬಿಟ್ಟೆ, ಕಾಕಾ, ಮ್ಯಾಗ್ನೆಟ್ ಉಲ್ಟಾ ಕೂಡಿಸಿದ್ದೆ ನಾ, ಮಿಲ್ಲಿನಾಗ ಹಚ್ಚೋವಾಗ ದಿಕ್ಕು ತಿರುಗಿತ್ತು, ನಿಮ್ಮ ಕಿವಿ ಬರೋಬ್ಬರಿ ಅದಾವ, ಅವತ್ತ ಆ ಅಯ್ಯಪ್ಪನ ಮುಂದ ನನ್ನ ಮಾನ ಹೋಗ್ತೈತಿ ಅಂತ ತಪ್ಪು ನಿಮ್ಮ ಕಿವಿ ಮ್ಯಾಲ ಹಾಕಿದೆ, ತಪ್ಪಾತ್ರಿ. ಎಲ್ಲ ಹೇಳಿದೆ, ಒಂದೂ ಬಿಡದೆ ಹೇಳಿದೆ, ಹೇಳಿ ಮುಗಿಸಿ ಬೈಗುಳಕ್ಕೆ ಕಾದೆ. ಕಾಕಾ ನಕ್ಕ, ಎಷ್ಟು ಮೆತ್ತಗೆ ನಕ್ಕ, ನಿಮ್ಮ ಚಿಗವ್ವ ಫೋನ್ ಮಾಡಿದ್ಲೇನ. ಹೂಂ ಅಂದೆ, ಮಾಡಿದ್ದಳಲ್ಲ. ನನ್ನ ಸಮಾಧಾನಕ್ಕ ನಿನ್ನ ಕೆಲಸಕ್ಕ ಯಾಕೋ ಕೆಟ್ಟ ಹೆಸರು ಹಚ್ಚಿಕೊಂತಿ, ನಿಮ್ಮಪ್ಪನೂ ಹಿಂಗ ಇದ್ದ, ಭಾಳ ಅಂತಃಕರಣದ ಮನಷ್ಯಾ. ಖರೇನ ಕಾಕಾ, ಖರೇನ ಹೇಳಾಕತ್ತೀನಿ, ಬಾರಿಸಿ ನೋಡ್ರಿ. ಬಾರಿಸ್ತೀನಿ ತಾ, ಇಷ್ಟ್ ದೂರ ಬಂದೀದಿ. ಒಳಗೆ ಕೂತು ತನ್ನ ಆಂಪ್ಲಿಫೈಯರಿಗೆ ವಯರ್ ಚುಚ್ಚಿದ, ಸ್ವಿಚ್ ನಡುವೆ, ಬೆರಳು ತಾವಾಗಿಯೇ ಜಾಗ ಹುಡುಕಿಕೊಂಡವು, ದನಿ ಬಂತು, ದುಂಡಗೆ, ತುಂಬಿಕೊಂಡು, ಗೋಡೆಯ ಮಾಡದಲ್ಲಿದ್ದ ಸ್ಟೀಲ್ ಲೋಟ ಅದುರುವಷ್ಟು, ಯಮನೂರಮ್ಮ ಚಿಗವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಅಡಿಗೆಮನೆ ಬಾಗಿಲಿಗೆ ಬಂದು ನಿಂತಳು, ಕೇಳ್ರಿ ಕಾಕಾ, ಕೇಳ್ರಿ, ಇದು ಪೊಳ್ಳೇನ್ರಿ, ನಾನು ಮನಸ್ಸಿನಲ್ಲೇ ಕೂಗುತ್ತಿದ್ದೇನೆ. ಕಾಕಾ ತಂತಿಯ ಮೇಲೆ ಅಂಗೈ ಇಟ್ಟು ಸುಮ್ಮನಾಗಿಸಿದ. ತಲೆ ಎತ್ತಿ ಹೆಂಡತಿಯ ಮುಖ ನೋಡಿದ, ಆಮೇಲೆ ನನ್ನ ಮುಖ, ಹೆಂಗ ಕೇಳಾಕತ್ತೈತಿ ಸಿದ್ದು, ಅಂದ. ಛಲೋ ಐತ್ರಿ ಕಾಕಾ, ಅಂದೆ, ಅಯ್ಯಪ್ಪ ಅಂದದ್ದೂ ಅದೇ ಮಾತು, ಅದೇ ದನಿಯಲ್ಲಿ ನನ್ನ ಬಾಯಿಂದ ಬಂತು. ಮತ್ತೆ ಮೀಟಿದ. ಮತ್ತೆ ತಲೆ ಎತ್ತಿದ. ನನ್ನ ಹುಬ್ಬು, ನನ್ನ ತುಟಿ, ಎಲ್ಲಾದರೂ ಸುಳ್ಳು ಅಂಟಿದೆಯೇ ಅಂತ ಹುಡುಕುವ ಕಣ್ಣು. ಮತ್ತೆ ಮೀಟುತ್ತಾನೆ, ದನಿ ತುಂಬಿ ಬರುತ್ತದೆ, ಕಾಕಾ ನನ್ನ ಮುಖ ನೋಡುತ್ತಾನೆ, ಮತ್ತೆ ಮೀಟುತ್ತಾನೆ, ನನ್ನ ಮುಖ ನೋಡುತ್ತಾನೆ, ನನ್ನ ಮುಖ —