ಯಮುನಾಬಾಯಿಯ ಹಾಡಿಗೆ ಬೀಸಿದ ಫ್ಯಾನು

ನಾನೊಂದು ಫ್ಯಾನು. ಫ್ಯಾನೆಂದ ಕೂಡಲೇ ಸೂರಿನ ಕಡೆ ನೋಡಬೇಡಿ. ಅಲ್ಲಿ ತೂಗುವವರು ನನ್ನ ದೊಡ್ಡಪ್ಪಂದಿರು. ನಾನು ಅಂಗೈಗಿಂತ ತುಸು ದೊಡ್ಡವನು, ಕಂಪ್ಯೂಟರಿನ ಹೊಟ್ಟೆಯಲ್ಲಿ ಬಾಳುವವನು. ಎಲ್ಲೋ ಕಡಲಾಚೆಯ ಕಾರ್ಖಾನೆಯಲ್ಲಿ ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ತಣ್ಣಗಾದಾಗ ಏಳು ಅಗಲ ರೆಕ್ಕೆಗಳೊಡನೆ ಹುಟ್ಟಿದೆ. ಒಂದೇ ಒಂದು ನಿಮಿಷ ತಿರುಗಿಸಿ ನೋಡಿದರು. ಆ ನಿಮಿಷದ ಸುಖವನ್ನೇ ಕನವರಿಸುತ್ತ, ರಟ್ಟಿನ ಡಬ್ಬಿಯಲ್ಲಿ ಮಲಗಿ, ಹಡಗಿನಲ್ಲಿ ಕಡಲು ದಾಟಿ, ಲಾರಿ ಹತ್ತಿ ಧಾರವಾಡಕ್ಕೆ ಬಂದೆ. ದಸ್ತಗೀರಸಾಬರ ಕಂಪ್ಯೂಟರ್ ಅಂಗಡಿಯ ಮೇಲಿನ ಅಟ್ಟ ನನ್ನ ತೊಟ್ಟಿಲಾಯಿತು.

ಒಂದು ದಿನ ಕೆಳಗೆ ಹೆಣ್ಣುದನಿಯೊಂದು ಏರಿತು.

"ದಸ್ತಗೀರಣ್ಣ, ನೀವು ಕೊಟ್ಟ ಫ್ಯಾನು ನಮ್ಮ ಬಾಯಾರ ಶ್ರುತಿ ಕೆಡಿಸ್ಯಾವ್ರೀ!"

ಆಕೆ ದಾಕ್ಷಾಯಣಿ. ಸದ್ದು ಹೀರಲೆಂದು ಗೋಡೆಗೆಲ್ಲ ಹಳೆ ಬಟ್ಟೆಯ ಕೌದಿ ತೂಗುಹಾಕಿದ ಮನೆಯ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡುವವಳು. ಬಾಯಾರು ಎಂದರೆ ಅವಳ ಸಂಗೀತದ ಗುರು ಯಮುನಾಬಾಯಿ. ಎಪ್ಪತ್ನಾಲ್ಕರ ಅವರ ಗಂಟಲಿನಲ್ಲಿ ಗಡ್ಡೆ. ಬರುವ ಸೋಮವಾರ ಆಪರೇಷನ್. ಆಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಬಾಯಾರ ಗುರುಗಳು ಕಲಿಸಿದ ಏಳು ಚೀಜುಗಳು, ಅಂದರೆ ರಾಗದ ಹಾಡುಗಳು, ಬೇರೆ ಯಾರ ಬಾಯಲ್ಲೂ ಇರಲಿಲ್ಲ. ಅವನ್ನು ಹಿಡಿದಿಡಲು ಕೂತರೆ ಹೀಗಾಗಿತ್ತು.

ಯಮುನಾಬಾಯಿ ಹಾರ್ಮೋನಿಯಂ ಮುಟ್ಟುವವರಲ್ಲ. ತಂಬೂರಿಯನ್ನು ಬರೀ ಕಿವಿಯಿಂದಲೇ ಶ್ರುತಿ ಮಾಡುವವರು. ಕೋಣೆಯಲ್ಲಿ ಕಂಪ್ಯೂಟರಿನ ಫ್ಯಾನುಗಳು ಗುಂಯ್ ಎನ್ನುತ್ತಿದ್ದವು. ಅವರ ಕಿವಿ ತಿಳಿಯದೆ ಅದನ್ನೇ ಷಡ್ಜವೆಂದು ಹಿಡಿಯಿತು. ಕಂಪ್ಯೂಟರು ಬಿಸಿಯಾದಂತೆ ಫ್ಯಾನು ಜೋರಾಗಿ ಓಡಿತು, ಗುಂಯ್ ಮೇಲೇರಿತು. ಒಂದೊಂದು ಚೀಜಿಗೂ ತಂತಿ ಬಿಗಿಯುತ್ತ ಬಾಯಾರೂ ಏರಿದರು. ಮೂರನೆಯದಕ್ಕೆ ದನಿ ಒಡೆಯಿತು. "ಗಂಟಲಲ್ಲ ದಾಕ್ಷಿ, ನನ್ನ ಕಿವೀನ ಹೋಗ್ಯಾವು. ಇನ್ನ ಸಾಕು" ಎಂದು ತಂಬೂರಿಗೆ ಗವಸು ಹಾಕಿ ಎದ್ದುಹೋದರಂತೆ. ಆಮೇಲೆ ಹೆಡ್‌ಫೋನು ಹಾಕಿ ಕೇಳಿದಾಗ ದಾಕ್ಷಾಯಣಿಗೆ ಕಳ್ಳ ಸಿಕ್ಕಿದ.

ದಸ್ತಗೀರಸಾಬರು ತಲೆ ಕೆರೆದುಕೊಂಡರು. "ಡಬ್ಬಿ ಮ್ಯಾಲಿನ ಗಾಳಿ ಲೆಕ್ಕ ನೋಡಿ ಒಯ್ದ್ರಿ ಅಕ್ಕಾರ, ನಾನೂ ಸುಮ್ನ ಕೊಟ್ಟೆ. ಬಯಲಾಗ ಎಲ್ಲಾವೂ ಬೀಸ್ತಾವು. ರೇಡಿಯೇಟರ್ ಸಂದಿಯೊಳಗ ಗಾಳಿ ನುಗ್ಗಸೋದು ಬ್ಯಾರೆ ಕೆಲಸ."

ಕಂಪ್ಯೂಟರಿನ ಬಿಸಿಯನ್ನು ಹೊತ್ತು ತರುವ ನೀರು ಹರಿಯುವುದು ಆ ರೇಡಿಯೇಟರಿನಲ್ಲಿ. ಅದಕ್ಕೆ ಬಾಚಣಿಕೆಯ ಹಲ್ಲಿನಂತೆ ಒತ್ತೊತ್ತಾಗಿ ತಗಡು. ಸಾಬರು ಒಂದನ್ನು ಮೇಜಿನ ಮೇಲೆ ನಿಲ್ಲಿಸಿ ಊದುಬತ್ತಿ ಹಚ್ಚಿದರು. ಸಣಕಲು ರೆಕ್ಕೆಯವನೊಬ್ಬ ಬೊಬ್ಬೆ ಹೊಡೆದು ತಿರುಗಿದ. ಹೊಗೆ ತಗಡಿಗೆ ಬಡಿದು ಅವನ ಮೂಗಿಗೇ ಬಂತು. ಆಮೇಲೆ ನನ್ನನ್ನು ಅಟ್ಟದಿಂದ ಇಳಿಸಿದರು. ನಾನು ನಿದ್ದೆಗಣ್ಣಿನಲ್ಲೇ ಮೆಲ್ಲಗೆ ತಿರುಗಿದೆ. ಹೊಗೆ ಸಂದಿಯೊಳಗೆ ನುಸುಳಿ ಆಚೆ ಕಡೆ ತೇಲಿತು. ದಾಕ್ಷಾಯಣಿ ಕಣ್ಣು ಮುಚ್ಚಿ ಕಿವಿಯನ್ನು ನನ್ನ ಹತ್ತಿರ ತಂದಳು.

"ಮಕ್ಕೊಂಡ ಕೂಸು ಉಸುರಾಡಿದಂಗ ಐತಿ" ಎಂದಳು. ನನ್ನನ್ನೂ ನನ್ನಂಥ ಇನ್ನಿಬ್ಬರನ್ನೂ ಕರೆದೊಯ್ದಳು.

ನಮ್ಮ ನಡುಕ ಪೆಟ್ಟಿಗೆಗೆ ತಾಗದಂತೆ ಮೂಲೆಗೆ ರಬ್ಬರ್ ಇಟ್ಟಳು. ಏರಿಳಿಯದ ಒಂದೇ ನಿಧಾನ ವೇಗಕ್ಕೆ ನಮ್ಮನ್ನು ಕಟ್ಟಿಹಾಕಿದಳು. ಬಾಯಾರನ್ನು ಒಪ್ಪಿಸುವುದೇ ಕಷ್ಟವಾಯಿತು. "ನನ್ನ ಸಮಾಧಾನಕ್ಕ ತಪ್ಪು ಫ್ಯಾನಿನ ಮ್ಯಾಲೆ ಹಾಕ್ತಿ" ಎಂದರು. ಆದರೂ ಭಾನುವಾರ ಬೆಳಿಗ್ಗೆ ಬಂದರು, ಶಿಷ್ಯೆಯ ಮೇಲಿನ ಮಮತೆಗೆ.

ಆ ಬೆಳಗು ನನಗೆ ಇಂದಿಗೂ ಕನಸೋ ನನಸೋ ತಿಳಿಯದು. ತಂಬೂರಿ ಮಿಡಿಯಿತು, ಕೌದಿಯ ಬಣ್ಣಗಳೆಲ್ಲ ಕರಗಿ ಗಾಳಿಯಲ್ಲಿ ಸೇರಿದಂತಾಯಿತು. ಅವರು ಒಂದಾದ ಮೇಲೊಂದು ಹಾಡಿದರು. ಆರನೆಯದರ ಹೊತ್ತಿಗೆ ನೀರು ಬೆಚ್ಚಗಾಯಿತು. ಓಡಬೇಕೆನ್ನಿಸಿತು, ಓಡುವಂತಿರಲಿಲ್ಲ. ಕಂಪ್ಯೂಟರು ನಡುವೆ ನಿಂತುಬಿಟ್ಟರೆ ಎಂದು ನಿಜಕ್ಕೂ ಅಂಜಿದೆ. ಬಿಸಿ ಅಲ್ಲಿಗೇ ನಿಂತಿತು. ಏಳೂ ಮುಗಿದವು.

"ಶ್ರುತಿ ಹೆಂಗಿತ್ತು?" ಎಂದರು ಯಮುನಾಬಾಯಿ.

"ಸುದ್ದ ಇತ್ರಿ ಬಾಯಾರ."

"ನೀ ಹಂಗ ಅಂತೀ ಬಿಡು" ಎಂದು, ರೆಕಾರ್ಡು ಮಾಡಿದ್ದನ್ನು ಕೇಳದೆಯೇ ಹೊರಟುಹೋದರು. ಮರುದಿನ ದನಿ ಹೋಯಿತು.

ವರ್ಷಗಳು ತಿರುಗಿದವು, ನಾನೂ ತಿರುಗಿದೆ. ನನ್ನ ಬೇರಿಂಗು ಸವೆದು ಟಕಟಕ ಎನ್ನತೊಡಗಿದಾಗ ದಾಕ್ಷಾಯಣಿ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಎಸೆಯಲು ಮನಸ್ಸಾಗಲಿಲ್ಲ ಅವಳಿಗೆ. ಈಗ ಹೊರಗಿನ ಗಾಳಿ ಬಂದರೆ ನಾನೇ ಅರೆಸುತ್ತು ತಿರುಗುತ್ತೇನೆ.

ಮೊನ್ನೆ ಮಧ್ಯಾಹ್ನ ಯಮುನಾಬಾಯಿ ಬಂದರು, ಮಾತಿನ ಬದಲು ಕೈಯಲ್ಲೊಂದು ಪಾಟಿ, ಬಳಪ. ಆ ಹಾಡುಗಳನ್ನು ಇಷ್ಟು ವರ್ಷ ಕೇಳಲು ಒಲ್ಲೆನೆಂದವರು ಅಂದು ತಾವಾಗಿಯೇ ಹೆಡ್‌ಫೋನು ಹಾಕಿಕೊಂಡರು. ನಾಲ್ಕನೆಯ ಚೀಜಿನಲ್ಲಿ, ಉಸಿರಿಗೆಂದು ನಿಂತ ಕಡೆ, ಬೆರಳೆತ್ತಿದರು. ಪಾಟಿಯ ಮೇಲೆ ಬರೆದರು: "ಇಲ್ಲಿ ಏನೋ ಗುಂಯ್ ಅಂತೈತಿ."

ದಾಕ್ಷಾಯಣಿ ಮೂರು ಸಲ ಕೇಳಿದಳು. ಏನೂ ಇಲ್ಲ. ಕೊನೆಗೆ ದನಿಯನ್ನು ಪೂರ್ತಿ ಏರಿಸಿದಳು. ಆಗ, ಕೂದಲೆಳೆಯಷ್ಟು, ನಾನು ಸಿಕ್ಕಿದೆ! ಯಾರಿಗೂ ಕೇಳಿಸದಿರುವುದೇ ನನ್ನ ಮರ್ಯಾದೆ ಎಂದು ಬಾಳಿದವನಿಗೆ ನಾಚಿಕೆಯಾಯಿತು.

"ತಗದು ಬಿಡ್ಲೇನ್ರಿ ಬಾಯಾರ?"

ಅವರು ಬೇಡವೆಂದು ತಲೆಯಾಡಿಸಿ, ಸೆರಗಿನಿಂದ ಪಾಟಿ ಒರೆಸಿ, ದೊಡ್ಡ ಅಕ್ಷರಗಳಲ್ಲಿ ಬರೆದರು: "ಇರಲಿ. ನನ್ನ ಕಿವಿ ಹೋಗಿಲ್ಲ."

ಹೊರಡುವಾಗ ಮತ್ತೆ ಒರೆಸಹೋದರು. ದಾಕ್ಷಾಯಣಿ ಒರೆಸಲು ಬಿಡಲಿಲ್ಲ.